ಸಂಬಳ ಜಪ್ತಿ: ಜಾಮೀನು ಹಾಕುವವರಿಗೆ ಗೊತ್ತಿರಲಿ

ಮಳೆ ಕೈಕೊಟ್ಟ ವರ್ಷ ಸಾಲಕ್ಕೆ ಹೋದರೆ ‘ನೌಕರಿಯವರ ಜಾಮೀನು ತನ್ನಿ’ ಅಂತಾರೆ. ನಮ್ಮ ರಾಗಿ, ಶೇಂಗಾ ಹೊಲಕ್ಕಿಂತ ಮೇಷ್ಟ್ರ ಸಂಬಳದ ಮೇಲೆ ಅವರಿಗೆ ನಂಬಿಕೆ! ನಮ್ಮೂರ ಮೇಷ್ಟ್ರೊಬ್ಬರು ಭಾವಮೈದುನನ ಬೋರ್‌ವೆಲ್ ಸಾಲಕ್ಕೆ ಸಹಿ ಹಾಕಿದರು. ಬೋರು ಬತ್ತಿತು, ಕಂತು ನಿಂತಿತು, ಸಂಬಳಕ್ಕೆ ಕತ್ತರಿ ಬಿತ್ತು. ‘ಸಾಲ ತಗೊಂಡವನನ್ನು ಬಿಟ್ಟು ನನ್ನನ್ಯಾಕೆ ಹಿಡೀತಾರೆ?’ ಅಂತ ಅವರು ಕೇಳಿದರು. ವಕೀಲರ ಹತ್ತಿರ ಕೂತು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಪತ್ರದಲ್ಲಿ ಬೇರೆ ರೀತಿ ಬರೆದಿರದಿದ್ದರೆ ‘ಮೊದಲು ಅವನನ್ನು ಕೇಳಿ’ ಎನ್ನಲು ಬರುವುದಿಲ್ಲ.

ಹಾಗಂತ ಸಾಲ ಕೊಟ್ಟವರು ಒಂದು ಕಾಗದ ಬರೆದ ಕೂಡಲೇ ಸಂಬಳ ಜಪ್ತಿಯಾಗದು. ಕೋರ್ಟಿನಲ್ಲಿ ದಾವೆ ಹಾಕಿ ಡಿಕ್ರಿ ಪಡೆಯಬೇಕು, ಆಮೇಲೆ ಅಮಲ್ಜಾರಿ ಅರ್ಜಿ. ಆಗ ಕೋರ್ಟು ಸಂಬಳ ಬಟವಾಡೆ ಮಾಡುವವರಿಗೆ ಆದೇಶ ಕಳಿಸುತ್ತದೆ. ಅವರು ತಿಂಗಳು ತಿಂಗಳು ಹಿಡಿದು ಕೋರ್ಟಿಗೆ ಕಟ್ಟಬೇಕು. ಆದೇಶ ಮೀರಿ ಪೂರ್ತಿ ಸಂಬಳ ಕೊಟ್ಟರೆ ಆ ಹಣಕ್ಕೆ ಕೆಲಸ ಕೊಟ್ಟವರೇ ಹೊಣೆ.

ಎಷ್ಟು ಹಿಡೀಬಹುದು? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಲ್ಲಿದೆ. ಮೊದಲ 1,000 ರೂಪಾಯಿ ಮುಟ್ಟುವಂತಿಲ್ಲ. ಉಳಿದದ್ದರಲ್ಲಿ ಮೂರನೇ ಎರಡು ಪಾಲೂ ನೌಕರನಿಗೇ. ಲೆಕ್ಕಕ್ಕೆ ಬರುವ ಸಂಬಳ 31,000 ಇದ್ದರೆ 1,000 ಕಳೆದು 30,000, ಅದರ ಮೂರನೇ ಒಂದು ಅಂದರೆ 10,000 ಜಪ್ತಿ. ಹೆಂಡತಿ ಮಕ್ಕಳ ಜೀವನಾಂಶದ ಡಿಕ್ರಿಯಾದರೆ ಲೆಕ್ಕ ತಿರುವುಮುರುವು, ನೌಕರನಿಗೆ ಉಳಿಯೋದು ಮೂರನೇ ಒಂದು ಪಾಲು ಮಾತ್ರ. ಅದು ಸರಿಯೇ ಅನ್ನಿ.

ಸಾಲದ ಡಿಕ್ರಿಯಾದರೆ ಇನ್ನೊಂದು ಮಾತು. ಬಿಟ್ಟು ಬಿಟ್ಟು ಹಿಡಿದರೂ ಒಟ್ಟು 24 ತಿಂಗಳಾದರೆ ಅದೇ ಡಿಕ್ರಿಗೆ ಮತ್ತೆ ಸಂಬಳ ಹಿಡಿಯುವಂತಿಲ್ಲ. ಬೇರೆ ಡಿಕ್ರಿಗಳಿದ್ದರೂ 12 ತಿಂಗಳು ಬಿಡುವು ಕೊಡಬೇಕು. ಸಾಲ ಮಾತ್ರ ತೀರಿದಂತಲ್ಲ, ಬೇರೆ ಆಸ್ತಿ ಇದ್ದರೆ ಅದರ ಮೇಲೆ ಹೋಗಬಹುದು.

ಕೂಲಿಯವರ ಕೂಲಿ ಪೂರ್ತಿ ಜಪ್ತಿಯಿಂದ ಹೊರಗೆ, ಕಾಳಿನಲ್ಲಿ ಕೊಟ್ಟರೂ ಅಷ್ಟೇ. ರೈತನ ಬೇಸಾಯದ ಸಾಮಾನು, ಜೀವನಕ್ಕೆ ಬೇಕೆಂದು ಕೋರ್ಟು ಒಪ್ಪಿದಷ್ಟು ದನ, ಬಿತ್ತನೆ ಬೀಜ, ಅವನು ವಾಸವಿರುವ ಮನೆ ಇವಕ್ಕೂ ರಕ್ಷಣೆ ಇದೆ. ಅಡವಿಟ್ಟಿದ್ದರೆ ಮಾತು ಬೇರೆ. ‘ಈ ರಿಯಾಯಿತಿ ನನಗೆ ಬೇಡ’ ಅಂತ ಬರೆಸಿಕೊಂಡ ಕರಾರು ಊರ್ಜಿತವಾಗದು.

ಸಹಕಾರ ಸಂಘಕ್ಕೆ ‘ನನ್ನ ಸಂಬಳದಲ್ಲಿ ಹಿಡಿಯಿರಿ’ ಎಂದು ಮೊದಲೇ ಕೊಡುವ ಒಪ್ಪಿಗೆ ಪತ್ರ ಮಾತ್ರ ಬೇರೆ ದಾರಿ. ಅದರಲ್ಲಿನ ಮೊತ್ತ ಓದಿ ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ. ಕೋರ್ಟಿನ ಜಪ್ತಿಯಲ್ಲಿ ಲೆಕ್ಕಕ್ಕಿಂತ ಹೆಚ್ಚು ಹಿಡಿದಿದ್ದರೆ ಸಂಬಳದ ಚೀಟಿ ಸಮೇತ ಅದೇ ಕೋರ್ಟಿಗೆ ತಕರಾರು ಅರ್ಜಿ ಹಾಕಬಹುದು.