ಮಳೆಗಾಲದಲ್ಲಿ ಬೆಚ್ಚನೆಯ ಮನೆ

ಕೆ. ಹೊಸಕೋಟೆ, ಸಕಲೇಶಪುರದ ಕಡೆ ಮಳೆಗಾಲದ ಥಂಡಿಗೆ ಕೆಂಡದ ಬಾಣಲೆಯನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚುವುದುಂಟು. ಇದು ಪ್ರಾಣಾಪಾಯಕರ. ಹೊಗೆಯಾಡದ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ತಿಳಿಯುವುದೇ ಇಲ್ಲ.

ತೇವ ಮತ್ತು ಸಂದಿಗಾಳಿಯನ್ನು ತಡೆದರೆ ಮನೆ ತಾನೇ ಬೆಚ್ಚಗಿರುತ್ತದೆ. ಅದಕ್ಕಾಗಿ:

1. ಒಡೆದ ಹೆಂಚುಗಳನ್ನು ಮೇ ತಿಂಗಳೊಳಗೆ ಬದಲಿಸಿರಿ.

2. ಎರಚಲು ಗೋಡೆಗೆ ತಾಗದಂತೆ ಸೂರನ್ನು 2–3 ಅಡಿ ಹೊರಚಾಚಿಸಿರಿ. ತಳಪಾಯದ ಸುತ್ತ ಚರಂಡಿ ತೆಗೆಯಿರಿ.

3. ಹೆಂಚಿನ ಕೆಳಗೆ ಹಲಗೆಯ ಮುಚ್ಚಿಗೆ ಹಾಕಿಸಿರಿ. ನಡುವೆ ನಿಂತ ಗಾಳಿಯು ಕೋಣೆಯ ಶಾಖವು ಬೇಗ ಹೊರಹೋಗದಂತೆ ತಡೆಯುತ್ತದೆ.

ಕೆಂಡ ಕಾಯಿಸಲೇಬೇಕಾದರೆ ಕಿಟಕಿ ತೆರೆದಿಡಿ. ಮಲಗುವ ಮುನ್ನ ಬಾಣಲೆಯನ್ನು ಹೊರಗಿಡಿ. ತಲೆನೋವು, ತಲೆಸುತ್ತು, ವಾಕರಿಕೆ ಕಂಡರೆ ಎಲ್ಲರೂ ಕೂಡಲೇ ಹೊರಬಂದು ವೈದ್ಯರನ್ನು ಕಾಣಬೇಕು.