ಮೊದಲು ಪೆಟ್ಟಿಗೆ ಸರಿಪಡಿಸಿ, ಆಮೇಲೆ ಮುಲಾಮು

ಸಾಕಿದ ಹಾವಿನ ಮೈಗೆ ಪೊರೆಯ ತುಂಡು ಅಂಟಿಕೊಂಡರೆ, ಹೊಟ್ಟೆಯ ಹುರುಪೆ ಕೆಂಪಾದರೆ, ಬಹಳ ಮಂದಿ ಮೊದಲು ಹುಡುಕುವುದು ಮುಲಾಮು. ಆದರೆ ಹಾವಿನ ಚರ್ಮದ ಸಣ್ಣಪುಟ್ಟ ತೊಂದರೆಗಳ ಮೂಲ ಹೆಚ್ಚಿನ ಸಲ ಇರುವುದು ಅದನ್ನಿಟ್ಟ ಪೆಟ್ಟಿಗೆಯಲ್ಲಿ. ಹಾವು ತನ್ನ ಮೈಯ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು; ಚಳಿಯಾದರೆ ಬಿಸಿಲಿಗೆ, ಒಣಗಿದರೆ ತಂಪು ಬಿಲಕ್ಕೆ ಸರಿದು ಬದುಕುವ ಜೀವ ಅದು. ಪೆಟ್ಟಿಗೆಯೊಳಗೆ ಆ ಆಯ್ಕೆ ನಮ್ಮ ಕೈಯಲ್ಲಿದೆ. ಬೆಂಗಳೂರಿನಲ್ಲಿ ಮಾರ್ಚ್‌ ಮಧ್ಯಾಹ್ನದ ತೇವಾಂಶ ಶೇ 30ರ ಆಸುಪಾಸಿಗೆ ಇಳಿಯುತ್ತದೆ. ಜುಲೈನ ಮಂಗಳೂರಿನಲ್ಲಿ ಶೇ 85ನ್ನು ದಾಟುತ್ತದೆ. ಒಂದೇ ಜಾತಿಯ ಹಾವಿಗೆ ಬೆಂಗಳೂರಿನಲ್ಲಿ ಪೊರೆ ಅಂಟುವ ಕಾಟ, ಮಂಗಳೂರಿನಲ್ಲಿ ಹೊಟ್ಟೆ ಕೊಳೆಯುವ ಕಾಟ ಬರುವುದು ಇದರಿಂದಲೇ. ಹಾಗಾಗಿ ಗುರುತಿಸುವುದು, ಅಳೆಯುವುದು, ಪೆಟ್ಟಿಗೆ ಸರಿಪಡಿಸುವುದು, ಆಮೇಲೆ ಚಿಕಿತ್ಸೆ ಎಂಬುದೇ ಸರಿಯಾದ ಕ್ರಮ.

ಇಲ್ಲಿ ಹೇಳುವುದು ಬಾಲ್ ಪೈಥಾನ್, ಕಾರ್ನ್ ಸ್ನೇಕ್‌ನಂಥ ಹೊರದೇಶದ ಹಾವುಗಳಿಗೆ ಮಾತ್ರ. ನಾಗರ, ಕೇರೆ, ಮಣ್ಣುಮುಕ್ಕ ಸೇರಿ ನಮ್ಮ ನೆಲದ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಗಾಯಗೊಂಡ ಹಾವು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಬಾಲ್ ಪೈಥಾನ್ ಸಾಕುವವರಿಗೂ ಕಾಯ್ದೆಯ 2022ರ ತಿದ್ದುಪಡಿಯ ನಂತರ ನೋಂದಣಿ ಕಡ್ಡಾಯ.

ಹೆಜ್ಜೆ 1: ಸಹಜ ಯಾವುದೆಂದು ತಿಳಿಯಿರಿ

ಪೊರೆ ಬಿಡುವ ಮುನ್ನ ಹಾವಿನ ಬಣ್ಣ ಮಂಕಾಗುತ್ತದೆ, ಕಣ್ಣು ನೀಲಿ ಬೆರೆತ ಬಿಳಿಯಾಗುತ್ತದೆ. ಹಳೆಯ ಪದರಕ್ಕೂ ಹೊಸ ಪದರಕ್ಕೂ ನಡುವೆ ದ್ರವ ತುಂಬುವುದೇ ಇದಕ್ಕೆ ಕಾರಣ. ಕೆಲವು ದಿನಗಳಲ್ಲಿ ಕಣ್ಣು ಮತ್ತೆ ತಿಳಿಯಾಗಿ, ಆಮೇಲೆ ಪೊರೆ ಮೂತಿಯಿಂದ ಬಾಲದ ತುದಿಯವರೆಗೆ ಒಳಹೊರಗಾಗಿ ಒಂದೇ ತುಂಡಾಗಿ ಕಳಚುತ್ತದೆ. ಈ ಅವಧಿಯಲ್ಲಿ ಹಾವು ಊಟ ಬಿಡಬಹುದು, ಹೊಟ್ಟೆ ತಿಳಿಗುಲಾಬಿಯಾಗಬಹುದು, ಎರಡೂ ರೋಗವಲ್ಲ. ಕಳಚಿದ ಪೊರೆಯನ್ನು ಎಸೆಯುವ ಮೊದಲು ಬೆಳಕಿಗೆ ಹಿಡಿದು ನೋಡಿ. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಪಾರದರ್ಶಕ ಹುರುಪೆಯೊಂದು ಮುಚ್ಚಿರುತ್ತದೆ. ಆ ಎರಡು ಗುಂಡನೆಯ ಮುಚ್ಚಳಗಳೂ ಬಾಲದ ಚೂಪಾದ ತುದಿಯೂ ಪೊರೆಯಲ್ಲಿ ಇದ್ದರೆ ಎಲ್ಲ ಸರಿಯಾಗಿದೆ.

ಹೆಜ್ಜೆ 2: ಅಂಟಿದ ಪೊರೆ

ಪೊರೆ ಚೂರುಚೂರಾಗಿ ಬಂದರೆ ಪೆಟ್ಟಿಗೆಯ ಗಾಳಿ ಒಣಗಿದೆ ಎಂದು ಮೊದಲು ಅನುಮಾನಿಸಿ. ಅಂದಾಜನ್ನು ನಂಬಬೇಡಿ, ಹೈಗ್ರೋಮೀಟರ್ ಇಟ್ಟು ತೇವಾಂಶ ಅಳೆಯಿರಿ. ಬಾಲ್ ಪೈಥಾನ್‌ಗೆ ಶೇ 60ರ ಆಸುಪಾಸು, ಪೊರೆಯ ಸಮಯದಲ್ಲಿ ಇನ್ನಷ್ಟು ಬೇಕು. ಕಾರ್ನ್ ಸ್ನೇಕ್‌ಗೆ ಶೇ 40ರಿಂದ 50 ಸಾಕು. ಅಂಟಿದ್ದನ್ನು ಬಿಡಿಸಲು 28ರಿಂದ 30 ಡಿಗ್ರಿ ಸೆಲ್ಸಿಯಸ್‌ನ ನೀರನ್ನು ಹಾವಿನ ಮೈಯ ಅರ್ಧ ದಪ್ಪದಷ್ಟೇ ತುಂಬಿ, ಇಪ್ಪತ್ತು ನಿಮಿಷ ಎದುರಿಗಿದ್ದೇ ಹಾವನ್ನು ಅದರಲ್ಲಿ ಬಿಡಿ. ಬಳಿಕ ಒದ್ದೆ ಟವೆಲಿನ ಮಡಿಕೆಯೊಳಗಿಂದ ಹಾವೇ ತೆವಳಿ ಹೋಗಲಿ. ಬಟ್ಟೆಯ ಉಜ್ಜುವಿಕೆಗೆ ಪೊರೆ ಕಳಚುತ್ತದೆ. ಬಾಲದ ತುದಿಯಲ್ಲಿ ಉಳಿದ ಉಂಗುರವನ್ನು ಅಲಕ್ಷಿಸಬೇಡಿ. ಒಣಗಿ ಬಿಗಿದರೆ ರಕ್ತಸಂಚಾರ ನಿಂತು ತುದಿಯೇ ಸತ್ತುಹೋಗುತ್ತದೆ. ಕಣ್ಣಿನ ಮುಚ್ಚಳವನ್ನಂತೂ ಉಗುರಿನಿಂದಾಗಲಿ ಚಿಮಟದಿಂದಾಗಲಿ ಕೀಳಬಾರದು, ಕೆಳಗಿನ ಹೊಸ ಪದರ ಹರಿದರೆ ಕಣ್ಣೇ ಹೋದೀತು. ತೇವ ಸರಿಯಾದರೆ ಮುಂದಿನ ಪೊರೆಯೊಂದಿಗೆ ಅದು ತಾನಾಗಿ ಬರುವುದೇ ಹೆಚ್ಚು. ಆಗಲೂ ಬಾರದಿದ್ದರೆ ವೈದ್ಯರಿಗೆ ತೋರಿಸಿ.

ಹೆಜ್ಜೆ 3: ಹೊಟ್ಟೆಯ ಕೆಂಪು

ತಿಳಿಗುಲಾಬಿ ಬಣ್ಣ ಹೊಟ್ಟೆಯುದ್ದಕ್ಕೂ ಸಮನಾಗಿದ್ದು ಪೊರೆ ಬಿಟ್ಟ ಮೇಲೆ ಮಾಯವಾದರೆ ಅದು ಸಹಜ. ಅಲ್ಲಲ್ಲಿ ತೇಪೆಯಂತೆ ಕೆಂಪು, ಹುರುಪೆಯ ಅಂಚಿನಲ್ಲಿ ಕಂದು, ನೀರ್ಗುಳ್ಳೆ ಕಂಡರೆ ಹುರುಪೆ ಕೊಳೆಯುವ ಸೋಂಕು ಶುರುವಾಗಿದೆ. ಒದ್ದೆಯೂ ಕೊಳಕೂ ಆದ ಹಾಸಿನ ಮೇಲೆ ದಿನಗಟ್ಟಲೆ ಮಲಗಿದಾಗ ಬ್ಯಾಕ್ಟೀರಿಯಾ ಒಳಹೊಕ್ಕು ಬರುವ ಕಾಯಿಲೆಯಿದು. ಬಿಸಿ ಮ್ಯಾಟ್ ತಾಗುವ ಜಾಗದಲ್ಲಷ್ಟೇ ಕೆಂಪಿದ್ದರೆ ಸುಟ್ಟ ಗಾಯವಿರಬಹುದು. ಹೊಟ್ಟೆ ಸುಡುತ್ತಿದ್ದರೂ ಹಾವು ಕದಲದೆ ಮಲಗಿರುವುದುಂಟು. ಥರ್ಮೋಸ್ಟಾಟ್ ಇಲ್ಲದ ಮ್ಯಾಟ್ ಬಳಸಲೇಬಾರದು. ಬಾಲ್ ಪೈಥಾನ್‌ಗೆ ಬಿಸಿ ಬದಿಯಲ್ಲಿ 31ರಿಂದ 33 ಡಿಗ್ರಿ, ತಂಪು ಬದಿಯಲ್ಲಿ 25ರಿಂದ 27 ಡಿಗ್ರಿ ಇದ್ದರೆ ಸರಿ. ಗುಳ್ಳೆಯಿಲ್ಲದ ಆರಂಭದ ಹಂತದಲ್ಲಿ ಹಾಸನ್ನೆಲ್ಲ ತೆಗೆದು ಒಣ ಪೇಪರ್ ಟವೆಲ್ ಹಾಸಿ, ದಿನಾ ಬದಲಿಸಿ. ಪೊವಿಡೋನ್ ಅಯೋಡಿನ್ ದ್ರಾವಣವನ್ನು ತೆಳು ಚಹಾದ ಬಣ್ಣ ಬರುವಷ್ಟು ನೀರಿನಲ್ಲಿ ಬೆರೆಸಿ ಹತ್ತಿಯಿಂದ ಒತ್ತಿ ಒಣಗಿಸಿ. ಗುಳ್ಳೆ ಕಂಡರೆ ಒಡೆಯಬೇಡಿ, ವೈದ್ಯರ ಬಳಿಗೆ ಹೋಗಿ. ಸೋಂಕು ರಕ್ತಕ್ಕೆ ಹರಡಿದರೆ ಹಾವು ಉಳಿಯುವುದು ಕಷ್ಟ.

ಹೆಜ್ಜೆ 4: ನುಸಿ

ಹಾವು ಗಂಟೆಗಟ್ಟಲೆ ನೀರಿನ ಬಟ್ಟಲಲ್ಲೇ ಮಲಗುತ್ತಿದ್ದರೆ ಕಣ್ಣಿನ ಸುತ್ತ, ಗದ್ದದ ಕೆಳಗಿನ ಹುರುಪೆಗಳ ಸಂದಿಯಲ್ಲಿ ನೋಡಿ. ಒಂದು ಮಿಲಿಮೀಟರ್‌ನಷ್ಟಿರುವ ಕಪ್ಪು ಚುಕ್ಕೆಗಳು ಚಲಿಸಿದರೆ ಅವು ರಕ್ತ ಹೀರುವ ನುಸಿಗಳು. ಬಿಳಿ ಬಟ್ಟೆಯಿಂದ ಮೈ ಒರೆಸಿದರೆ ಗುರುತು ಸಿಗುತ್ತದೆ. ನುಸಿ ಮೊಟ್ಟೆಯಿಡುವುದು ಪೆಟ್ಟಿಗೆಯ ಬಿರುಕುಗಳಲ್ಲಿ; ಹಾವಿಗೆ ಮಾತ್ರ ಔಷಧ ಹಚ್ಚಿದರೆ ಎರಡು ವಾರದಲ್ಲಿ ಹೊಸ ಪೀಳಿಗೆ ಹತ್ತುತ್ತದೆ. ಹಾಸು ಎಸೆದು, ಪೆಟ್ಟಿಗೆಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಔಷಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಹೇಳಿದಷ್ಟು ಸಲ ಬಳಸಿ. ಹೊಸದಾಗಿ ತಂದ ಹಾವನ್ನು ಎರಡು ತಿಂಗಳಾದರೂ ಬೇರೆ ಕೋಣೆಯಲ್ಲಿಡುವುದು ನುಸಿ ತಡೆಯುವ ಅಗ್ಗದ ದಾರಿ.

ಕೇಳಿಬರುವ ಆಕ್ಷೇಪಗಳು

ಅರಿಶಿನ, ಬೇವಿನೆಣ್ಣೆ ನಮಗೆ ಒಗ್ಗುತ್ತವಲ್ಲ, ಹಾವಿಗೇಕೆ ಬೇಡ ಎಂದು ಕೇಳುವವರಿದ್ದಾರೆ. ಜಿಡ್ಡು ಹಚ್ಚಿದ ಗಾಯಕ್ಕೆ ಹಾಸಿನ ಪುಡಿ, ಕೊಳಕು ಅಂಟುತ್ತದೆ. ಮೇಲಾಗಿ ಅರಿಶಿನದ ಬಣ್ಣ ಕೆಂಪನ್ನು ಮರೆಸುವುದರಿಂದ ರೋಗ ಹರಡಿದ್ದು ಕಾಣುವುದೇ ಇಲ್ಲ. ಫಿನಾಯಿಲ್‌ನಿಂದ ಪೆಟ್ಟಿಗೆ ತೊಳೆಯುವುದು ಇನ್ನೂ ಅಪಾಯ, ಅದರಂಥ ದ್ರಾವಣಗಳು ಸರೀಸೃಪಗಳಿಗೆ ವಿಷ. ಕಾಡಿನ ಹಾವಿಗೆ ವೈದ್ಯರಿದ್ದಾರೆಯೇ ಎಂಬುದು ಮತ್ತೊಂದು ಪ್ರಶ್ನೆ. ಕಾಡಿನ ಹಾವೂ ನರಳುತ್ತದೆ. ಉತ್ತರ ಅಮೆರಿಕದ ಕಾಡುಗಳಲ್ಲಿ ಶಿಲೀಂಧ್ರದಿಂದ ಬರುವ ಚರ್ಮರೋಗವೊಂದು ಹಾವುಗಳನ್ನು ಕೊಲ್ಲುತ್ತಿದೆ. ಆದರೆ ಕಾಡಿನ ಹಾವು ಒದ್ದೆ ಜಾಗ ಬಿಟ್ಟು ಹೋಗಬಲ್ಲದು, ನಮ್ಮದು ಹೋಗಲಾರದು. ಆ ಸ್ವಾತಂತ್ರ್ಯವನ್ನು ಕಸಿದುಕೊಂಡವರೇ ಅದರ ಹೊಣೆ ಹೊರಬೇಕು. ತೇವ ಹೆಚ್ಚಿಸಿ ಎನ್ನುವುದೂ ಹಾಸು ಒಣಗಿರಲಿ ಎನ್ನುವುದೂ ಒಂದಕ್ಕೊಂದು ವಿರುದ್ಧವಲ್ಲವೇ ಎಂಬ ಸಂದೇಹ ನ್ಯಾಯವಾದದ್ದು. ಬೇಕಿರುವುದು ತೇವದ ಗಾಳಿ, ಒದ್ದೆ ನೆಲವಲ್ಲ. ಇಡೀ ಪೆಟ್ಟಿಗೆಗೆ ನೀರು ಚಿಮುಕಿಸುವ ಬದಲು, ಬಾಗಿಲು ಕೊರೆದ ಪ್ಲಾಸ್ಟಿಕ್ ಡಬ್ಬಿಯೊಳಗೆ ನೆನೆಸಿ ಹಿಂಡಿದ ತೆಂಗಿನ ನಾರು ತುಂಬಿ ಒಂದು ಮೂಲೆಯಲ್ಲಿಡಿ. ಬೇಕೆನಿಸಿದಾಗ ಹಾವು ಅದರೊಳಗೆ ಹೋಗುತ್ತದೆ, ಬೇಡವೆನಿಸಿದಾಗ ಒಣ ನೆಲಕ್ಕೆ ಬರುತ್ತದೆ.

ಹಾವು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವುದು ತಪ್ಪದಿರಲಿ, ಅದರ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಪೊರೆ ಬಿಟ್ಟ ದಿನ, ಪೆಟ್ಟಿಗೆಯ ತೇವ, ಎರಡೂ ಬದಿಯ ಉಷ್ಣತೆಯನ್ನು ಪುಸ್ತಕದಲ್ಲಿ ಬರೆದಿಡಿ. ಗುಳ್ಳೆ, ಕೀವು, ದುರ್ವಾಸನೆ, ಮುಖದ ಮೇಲೆ ಗಂಟು, ಒಂದು ವಾರದಲ್ಲಿ ಕಡಿಮೆಯಾಗದ ಕೆಂಪು ಕಂಡರೆ ಸರೀಸೃಪಗಳ ಚಿಕಿತ್ಸೆ ಬಲ್ಲ ಪಶುವೈದ್ಯರ ಬಳಿಗೆ ಹಾವಿನ ಜೊತೆ ಆ ಪುಸ್ತಕವನ್ನೂ ಒಯ್ಯಿರಿ. ಪೆಟ್ಟಿಗೆಯ ಲೆಕ್ಕ ಎದುರಿಗಿದ್ದರೆ ರೋಗದ ಕಾರಣ ಹುಡುಕುವುದು ಅವರಿಗೂ ಸುಲಭ, ಅದು ಮರುಕಳಿಸದಂತೆ ತಡೆಯುವುದು ನಿಮಗೂ ಸುಲಭ.