50 ರೂಪಾಯಿಯ ಧ್ವನಿ: ಕಿವಿ, ಮೂಗು, ಗಂಟಲಿನ ವೈದ್ಯಕೀಯದಲ್ಲಿ ಕಾಮರ್ಸ್‌ಗೆ ಏನು ಕೆಲಸ?

ನಮ್ಮ ಕಾಲೇಜಿನಲ್ಲಿ ಒಂದು ಮಾತಿದೆ. ಸೈನ್ಸ್ ತೆಗೆದುಕೊಂಡವರು ಡಾಕ್ಟರ್ ಆಗುತ್ತಾರಂತೆ, ಕಾಮರ್ಸ್ ತೆಗೆದುಕೊಂಡವರು ಅದೇ ಆಸ್ಪತ್ರೆಯಲ್ಲಿ ಕೂತು ಬಿಲ್ ಬರೆಯುತ್ತಾರಂತೆ. ನಾನು ದ್ವಿತೀಯ ಪಿಯುಸಿ ಕಾಮರ್ಸ್. ಈ ಮಾತು ಕೇಳಿ ನಾನೂ ನಕ್ಕಿದ್ದೇನೆ. ಆದರೆ ಇಎನ್‌ಟಿ ವಿಭಾಗದ ಬಗ್ಗೆ ಓದುತ್ತಾ ಹೋದಂತೆ ಒಂದು ವಿಷಯ ಕಣ್ಣಿಗೆ ಬಿತ್ತು. ಅಲ್ಲಿ ನಡೆದ ದೊಡ್ಡ ಕೆಲಸಗಳಲ್ಲಿ ಸರ್ಜನ್ ಒಬ್ಬರೇ ಇರುವುದು ಅಪರೂಪ. ಅವರ ಪಕ್ಕದಲ್ಲಿ ಡಾಕ್ಟರ್ ಅಲ್ಲದ ಇನ್ನೊಬ್ಬರು ಇರುತ್ತಾರೆ.

ಮೊದಲು ಬೆಂಗಳೂರಿನ ಒಂದು ಉದಾಹರಣೆ ನೋಡೋಣ. ಗಂಟಲಿನ ಕ್ಯಾನ್ಸರ್ ಬೆಳೆದುಬಿಟ್ಟರೆ ಕೆಲವರ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆ. ಆಮೇಲೆ ಅವರು ಕುತ್ತಿಗೆಯ ಮುಂಭಾಗದಲ್ಲಿ ಮಾಡಿದ ರಂಧ್ರದಿಂದ ಉಸಿರಾಡುತ್ತಾರೆ. ಜೀವ ಉಳಿಯುತ್ತದೆ, ಮಾತು ಹೋಗುತ್ತದೆ. ಮಾತು ಮರಳಿ ಬರಲು ಶ್ವಾಸನಾಳಕ್ಕೂ ಅನ್ನನಾಳಕ್ಕೂ ನಡುವೆ ಒಂದು ಸಣ್ಣ ದಾರಿ ಮಾಡಿ ಸಿಲಿಕೋನ್‌ನ ಪುಟ್ಟ ಕವಾಟ ಕೂರಿಸುತ್ತಾರೆ. ಕುತ್ತಿಗೆಯ ರಂಧ್ರವನ್ನು ಬೆರಳಿನಿಂದ ಮುಚ್ಚಿ ಉಸಿರು ಬಿಟ್ಟಾಗ ಗಾಳಿ ಆ ಕವಾಟದ ಮೂಲಕ ಅನ್ನನಾಳಕ್ಕೆ ಹೋಗುತ್ತದೆ. ಅಲ್ಲಿನ ಗೋಡೆ ಕಂಪಿಸಿ ಧ್ವನಿ ಹುಟ್ಟುತ್ತದೆ. ಕವಾಟ ಒಂದೇ ಕಡೆಗೆ ತೆರೆಯುವುದರಿಂದ ನುಂಗಿದ ನೀರು, ಊಟ ಶ್ವಾಸನಾಳಕ್ಕೆ ಬರುವುದಿಲ್ಲ. ನಮ್ಮ ಬೋರ್‌ವೆಲ್ ಪೈಪಿನಲ್ಲಿ ನೀರು ಹಿಂದಕ್ಕೆ ಹೋಗದಂತೆ ವಾಲ್ವ್ ಹಾಕುವುದಿಲ್ಲವೇ, ಹಾಗೆ.

ಈ ವಿಧಾನವನ್ನು 1980ರ ಸುಮಾರಿಗೆ ಅಮೆರಿಕದಲ್ಲಿ ರೂಪಿಸಿದವರು ಇಬ್ಬರು. ಮಾರ್ಕ್ ಸಿಂಗರ್ ಸರ್ಜನ್, ಎರಿಕ್ ಬ್ಲಾಮ್ ವಾಕ್ ಚಿಕಿತ್ಸಕರು. ಹಾಗಾಗಿ ಆ ಕವಾಟಕ್ಕೆ ಇಬ್ಬರ ಹೆಸರೂ ಇದೆ, ಬ್ಲಾಮ್-ಸಿಂಗರ್ ಎಂದು. ನಮ್ಮ ದೇಶದ ತೊಂದರೆ ಅದರ ಬೆಲೆ. ಹೊರದೇಶದ ಕವಾಟಕ್ಕೆ 15,000ದಿಂದ 30,000 ರೂಪಾಯಿ ಆಗುತ್ತಿತ್ತು, ಒಮ್ಮೆ ಹಾಕಿಸಿದರೆ ಮುಗಿಯಿತು ಅನ್ನುವ ಹಾಗೂ ಇಲ್ಲ. ಬೀಡಿ, ಗುಟ್ಕಾದಿಂದ ಗಂಟಲು ಕೆಡಿಸಿಕೊಂಡು ಬರುವವರಲ್ಲಿ ಹೆಚ್ಚಿನವರು ದಿನಗೂಲಿಯವರು. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ತಮ್ಮ ರೋಗಿಗಳಿಗಾಗಿ ಕಂಪನಿಗಳ ಹತ್ತಿರ ರಿಯಾಯಿತಿ ಕೇಳುತ್ತಿದ್ದರು, ದಾನಿಗಳಿಂದ ಹಣ ಹೊಂದಿಸುತ್ತಿದ್ದರು. ಆಗ ಅವರ ಸ್ನೇಹಿತ, ಉದ್ಯಮಿ ಶಶಾಂಕ್ ಮಹೇಶ್, ನೀವೇ ಯಾಕೆ ಮಾಡಬಾರದು ಎಂದು ಕೇಳಿದರು. ಇಬ್ಬರೂ ಸೇರಿ ಮಾಡಿದ ಕವಾಟ 2015ರಲ್ಲಿ ಸುದ್ದಿಯಾಯಿತು. ಅದರ ಹೆಸರು 'ಓಂ'. ಆಗ ಅದರ ಬೆಲೆ 50 ರೂಪಾಯಿ.

ನಾನು ಲೆಕ್ಕದ ವಿದ್ಯಾರ್ಥಿನಿ, ಆದ್ದರಿಂದ ಲೆಕ್ಕ ಹಾಕಿ ನೋಡಿದೆ. ಆರು ತಿಂಗಳಿಗೊಮ್ಮೆ ಬದಲಾಯಿಸಬೇಕು ಎಂದು ಇಟ್ಟುಕೊಂಡರೆ 15,000ದ ಕವಾಟಕ್ಕೆ ಐದು ವರ್ಷದಲ್ಲಿ 1,50,000 ರೂಪಾಯಿ. 50 ರೂಪಾಯಿಯದಕ್ಕೆ 500. ಇದನ್ನು ನನ್ನ ಅಬ್ಬಾಗೆ ತೋರಿಸಿದೆ. ಅವರು ಕಿರಾಣಿ ಅಂಗಡಿ ನಡೆಸುವವರು, ಹೊಗಳಿಕೆಗೆ ಬೇಗ ಬೀಳುವುದಿಲ್ಲ. "ಐವತ್ತು ರೂಪಾಯಿ ಮಾಲಿಂದೋ, ಮಾಲು ಮನೆ ಮುಟ್ಟಿಸಿದ್ದರದೋ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಸಿಲಿಕೋನ್‌ನ ಖರ್ಚಿನ ಮೇಲೆ ಪರೀಕ್ಷೆಯ ಖರ್ಚು ಇದೆ, ಕ್ರಿಮಿರಹಿತವಾಗಿ ಪ್ಯಾಕ್ ಮಾಡುವ ಖರ್ಚು ಇದೆ, ಕೂರಿಸುವ ಸರ್ಜನ್‌ಗೂ ಮಾತು ಕಲಿಸುವ ಚಿಕಿತ್ಸಕರಿಗೂ ಕೊಡಬೇಕಾದದ್ದು ಇದೆ. ಇವನ್ನೆಲ್ಲ ಯಾರೋ ಹೊತ್ತುಕೊಂಡರೆ ಮಾತ್ರ ರೋಗಿಗೆ 50 ರೂಪಾಯಿ 50 ಆಗಿಯೇ ಉಳಿಯುತ್ತದೆ. ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ನಾಯಕತ್ವ ಎನ್ನುವುದು 'ಡೈರೆಕ್ಟಿಂಗ್' ಅಧ್ಯಾಯದಲ್ಲಿ ಬರುತ್ತದೆ. ಗುಣಗಳ ಪಟ್ಟಿ ಕಂಠಪಾಠ ಮಾಡಿ ಬರೆದು ಬಿಡುತ್ತೇವೆ. ಈ ಖರ್ಚುಗಳನ್ನು ಯಾರ ಹೆಗಲಿಗೆ ಹಾಕಬೇಕು ಎಂದು ತೀರ್ಮಾನಿಸಿ, ಆಮೇಲೆ ಆ ತೀರ್ಮಾನಕ್ಕೆ ನಿಲ್ಲುವುದೇ ನಾಯಕತ್ವ ಎಂದು ನನಗೆ ಅನಿಸುತ್ತದೆ.

ಈಗ ನಮ್ಮ ಜಿಲ್ಲೆಗೆ ಬರುತ್ತೇನೆ. ನನ್ನ ಖಾಲಾನ ಮನೆ ದೇವದುರ್ಗದ ಹತ್ತಿರದ ಹಳ್ಳಿಯಲ್ಲಿ. ಅವರ ಕಿರಿಯ ಮಗನಿಗೆ ಹುಟ್ಟಿನಿಂದ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಗೊತ್ತಾದದ್ದು ಮೂರನೇ ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಮನೆಯವರೆಲ್ಲ 'ಗಂಡುಮಕ್ಕಳು ಮಾತು ತಡ' ಎಂದೇ ಸಮಾಧಾನ ಮಾಡಿಕೊಂಡಿದ್ದರು. ಒಂದು ಶಿಬಿರದಲ್ಲಿ ಶ್ರವಣ ಸಾಧನ ಉಚಿತವಾಗಿ ಸಿಕ್ಕಿತು. ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಅದು ಅಲ್ಮೇರಾದೊಳಗೆ ಹೋಯಿತು. ಯಾಕೆ ಎಂದು ಕೇಳಿದರೆ ಖಾಲಾ ಹೇಳಿದ್ದು: "ಮಶೀನ್ ಮುಫ್ತ್ ಮಿಲೀ, ಚಲಾನಾ ಮುಫ್ತ್ ನೈ." ಮಶೀನು ಪುಕ್ಕಟೆ ಸಿಕ್ಕಿತು, ನಡೆಸುವುದು ಪುಕ್ಕಟೆ ಅಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಸಾಧನದ ಬ್ಯಾಟರಿ ಗುಂಡಿಯಷ್ಟು ಚಿಕ್ಕದು, ಸತು-ಗಾಳಿ ಬ್ಯಾಟರಿ. ಮೇಲಿನ ಸ್ಟಿಕ್ಕರ್ ಕಿತ್ತ ಕೂಡಲೇ ಗಾಳಿ ಒಳಗೆ ಹೋಗಿ ಕೆಲಸ ಶುರುವಾಗುತ್ತದೆ. ಆಮೇಲೆ ಬಳಸಿದರೂ ಬಳಸದಿದ್ದರೂ ಅದು ಇಳಿಯುತ್ತಲೇ ಹೋಗುತ್ತದೆ. ಇನ್ನೊಂದು, ಕಿವಿಯೊಳಗೆ ಕೂರುವ ಅಚ್ಚು. ಮಗು ಬೆಳೆದಂತೆ ಕಿವಿಯೂ ಬೆಳೆಯುತ್ತದೆ, ಅಚ್ಚು ಸಡಿಲವಾಗುತ್ತದೆ, ಹೊರಗೆ ಸೋರಿದ ಸದ್ದು ಮತ್ತೆ ಮೈಕಿಗೆ ಹೋಗಿ ಸಾಧನ ಸೀಟಿ ಹೊಡೆಯಲು ಶುರು ಮಾಡುತ್ತದೆ. ಮಗು ಕಿತ್ತು ಎಸೆಯುತ್ತದೆ. ಹೊಸ ಅಚ್ಚಿಗೆ ರಾಯಚೂರಿಗೇ ಬರಬೇಕು, ಹೋಗಿ ಬರುವುದಕ್ಕೆ 100 ಕಿಲೋಮೀಟರಿಗೂ ಹೆಚ್ಚು. ಶಕ್ತಿ ಯೋಜನೆ ಇರುವುದರಿಂದ ಖಾಲಾಗೆ ಬಸ್ ಟಿಕೆಟ್ಟಿನ ಖರ್ಚಿಲ್ಲ. ಆದರೆ ಹತ್ತಿ ಬಿಡಿಸುವ ಸೀಸನ್ನಿನಲ್ಲಿ ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಯಿತು. ಅರ್ಥಶಾಸ್ತ್ರದಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವಲ್ಲ, ಅದು ಇದೇ. ಉಚಿತ ಸಾಧನ ಕೊಟ್ಟವರ ಲೆಕ್ಕಪುಸ್ತಕದಲ್ಲಿ ಈ ಖರ್ಚು ಎಲ್ಲಿಯೂ ಕಾಣುವುದಿಲ್ಲ.

ಕಿವಿಯ ವಿಷಯದಲ್ಲಿ ಕಾಲವೂ ಖರ್ಚಾಗುತ್ತದೆ. ಮಗು ಭಾಷೆ ಕಲಿಯುವುದು ಮೊದಲ ವರ್ಷಗಳಲ್ಲಿ. ಆದ್ದರಿಂದ ತಜ್ಞರು 1-3-6 ಎಂಬ ಗುರಿ ಇಟ್ಟುಕೊಂಡಿದ್ದಾರೆ: ಹುಟ್ಟಿದ 1 ತಿಂಗಳೊಳಗೆ ಕಿವಿಯ ತಪಾಸಣೆ, 3 ತಿಂಗಳೊಳಗೆ ದೋಷದ ನಿರ್ಣಯ, 6 ತಿಂಗಳೊಳಗೆ ಚಿಕಿತ್ಸೆ ಶುರು. ಮಾತಾಡದ ಎಳೆಗೂಸಿನ ಕಿವಿಯನ್ನು ಪರೀಕ್ಷಿಸುವುದು ಹೇಗೆ? ಇದಕ್ಕೂ ನಮ್ಮ ರಾಜ್ಯದಲ್ಲೇ ಉದಾಹರಣೆ ಇದೆ. ಬೆಂಗಳೂರಿನ ಸೋಹಂ ಇನೋವೇಶನ್ ಲ್ಯಾಬ್ಸ್‌ನ 'ಸೋಹಂ' ಎಂಬ ಉಪಕರಣ 2017ರಲ್ಲಿ ಬಿಡುಗಡೆಯಾಯಿತು. ಮಗುವಿನ ತಲೆಗೆ ಮೂರು ಎಲೆಕ್ಟ್ರೋಡ್ ಅಂಟಿಸಿ, ಕಿವಿಗೆ ಸದ್ದು ಕೇಳಿಸಿದಾಗ ಮೆದುಳಿನಿಂದ ಪ್ರತಿಕ್ರಿಯೆ ಬರುತ್ತದೆಯೇ ಎಂದು ನೋಡುತ್ತದೆ. ಮಗುವಿಗೆ ಮತ್ತು ಬರಿಸಬೇಕಿಲ್ಲ. ಬ್ಯಾಟರಿಯಲ್ಲಿ ನಡೆಯುತ್ತದೆ, ಸುತ್ತಲಿನ ಗದ್ದಲವನ್ನು ಸೋಸುತ್ತದೆ. ನಮ್ಮ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಾರ್ಡು ನೋಡಿದವರಿಗೆ ಈ ಕೊನೆಯ ಎರಡು ಗುಣಗಳ ಬೆಲೆ ಗೊತ್ತು.

ದೊಡ್ಡವರ ಕಿವಿಯನ್ನೂ ಮರೆಯಬಾರದು. ಮಾನ್ವಿಯಲ್ಲಿ ಅಕ್ಕಿ ಗಿರಣಿಗಳು, ರಾಯಚೂರಿನಲ್ಲಿ ಹತ್ತಿ ಜಿನ್ನಿಂಗ್ ಮಿಲ್ಲುಗಳು. ಮಾನ್ವಿಯ ಗಿರಣಿಯಲ್ಲಿ ದುಡಿಯುವ ನನ್ನ ಚಾಚಾ ಮನೆಗೆ ಬಂದರೆ ಟಿವಿಯ ಸದ್ದು ಬೀದಿಗೆ ಕೇಳುತ್ತದೆ. ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬೆಲ್ ಮಿತಿ ಎಂದು ಕಾರ್ಖಾನೆ ನಿಯಮ ಹೇಳುತ್ತದೆ. ಸದ್ದಿನಿಂದ ಬರುವ ಕಿವುಡುತನ ಕಾನೂನಿನ ಪ್ರಕಾರ ವರದಿ ಮಾಡಲೇಬೇಕಾದ ಕಾಯಿಲೆ. ಚಾಚಾಗೆ ಇದು ಗೊತ್ತಿರಲಿಲ್ಲ, ನಾನು ಹೇಳಿದ ಮೇಲೆಯೂ ನಂಬಲಿಲ್ಲ.

ಇನ್ನು ಕೋರ್ಸುಗಳ ಮಾತು. ಸೈನ್ಸ್ ಮಿತ್ರರಿಗೆ ದಾರಿ ನೇರ: ನೀಟ್ ಬರೆದು ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಎಂಬಿಬಿಎಸ್, ಆಮೇಲೆ 3 ವರ್ಷದ ಎಂಎಸ್ ಇಎನ್‌ಟಿ. ನಮ್ಮೂರಲ್ಲೇ ರಿಮ್ಸ್ ಇದೆ, ನವೋದಯ ಇದೆ. ಹೆಚ್ಚು ಜನರಿಗೆ ಗೊತ್ತಿಲ್ಲದ್ದು ಬಿಎಎಸ್‌ಎಲ್‌ಪಿ, ಅಂದರೆ ಶ್ರವಣ ಮತ್ತು ವಾಕ್ ಚಿಕಿತ್ಸೆಯ ಪದವಿ. ಇಂಟರ್ನ್‌ಶಿಪ್ ಸೇರಿ 4 ವರ್ಷ. ಇದನ್ನು ಕಲಿಸುವ ದೇಶದ ಹೆಸರಾಂತ ಸಂಸ್ಥೆ ನಮ್ಮ ಮೈಸೂರಿನಲ್ಲಿದೆ, 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಧಾರವಾಡದಲ್ಲಿ ಜೆಎಸ್‌ಎಸ್ ಸಂಸ್ಥೆಯ ಕಾಲೇಜಿದೆ, ನಮಗೆ ಅದು ಹತ್ತಿರ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ ಓದಿರಬೇಕು. ಎಂಬಿಬಿಎಸ್ ಸೀಟು ಸಿಗದಿದ್ದರೆ ಬದುಕೇ ಮುಗಿಯಿತು ಎಂದು ಅಳುವ ಗೆಳತಿಯರು ಇದನ್ನು ಒಮ್ಮೆ ನೋಡಲಿ.

ಕಾಮರ್ಸ್, ಆರ್ಟ್ಸ್‌ನವರಿಗೂ ಬಾಗಿಲು ಮುಚ್ಚಿಲ್ಲ. ಶ್ರವಣದೋಷದ ಮಕ್ಕಳಿಗೆ ಪಾಠ ಹೇಳುವ 2 ವರ್ಷದ ವಿಶೇಷ ಡಿ.ಎಡ್ ಮತ್ತು ಭಾರತೀಯ ಸಂಜ್ಞಾ ಭಾಷೆಯ ಡಿಪ್ಲೊಮಾಗಳಿಗೆ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ. ಸೇರುವ ಮೊದಲು ಕೋರ್ಸಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಆ ಸರ್ಟಿಫಿಕೇಟಿಗೆ ಬೆಲೆ ಇಲ್ಲ. ಬಿ.ಕಾಂ ಅಥವಾ ಬಿಬಿಎ ನಂತರ ಆಸ್ಪತ್ರೆ ಆಡಳಿತ ಓದಬಹುದು. ನನ್ನ ಆಸೆ ಇದೇ ಕಡೆಗೆ. ದೇವದುರ್ಗ, ಮಾನ್ವಿಯಂಥ ತಾಲೂಕು ಊರುಗಳಲ್ಲಿ ಬ್ಯಾಟರಿ ಸಿಗುವಂತೆ, ಅಚ್ಚಿನ ಅಳತೆ ತೆಗೆಯುವಂತೆ, ಕೆಟ್ಟ ಸಾಧನ ರಿಪೇರಿಗೆ ಕಳಿಸುವಂತೆ ಒಂದು ಸಣ್ಣ ಕೇಂದ್ರ ನಡೆಸಿದರೆ ಅದು ನಷ್ಟವಿಲ್ಲದೆ ನಿಲ್ಲುತ್ತದೆಯೇ? ತಿಂಗಳಿಗೆ ಎಷ್ಟು ಮಕ್ಕಳು ಬಂದರೆ ಬಾಡಿಗೆ ಮತ್ತು ಒಬ್ಬರ ಸಂಬಳ ಹೊರಡುತ್ತದೆ? ಬ್ಯಾಟರಿಗೆ ಎಕ್ಸ್‌ಪೈರಿ ದಿನಾಂಕ ಇರುವುದರಿಂದ ಒಮ್ಮೆಗೇ ಹೆಚ್ಚು ತರಿಸುವಂತಿಲ್ಲ, ಕಡಿಮೆ ತರಿಸಿದರೆ ರೇಟು ಜಾಸ್ತಿ. ಇದು ಸ್ಟೆತಸ್ಕೋಪಿನ ಪ್ರಶ್ನೆ ಅಲ್ಲ, ನಮ್ಮ ಪ್ರಶ್ನೆ.

ನಮ್ಮ ಬಳಿ ಇನ್ನೊಂದು ಆಸ್ತಿ ಇದೆ, ಬ್ಯಾಲೆನ್ಸ್ ಶೀಟಿನಲ್ಲಿ ಬರೆಯಲಾಗದ್ದು. ಕಿವಿ ಕೇಳದ ಮಗುವಿಗೆ ಮಾತು ಕಲಿಸುವುದು ಅದರ ಮನೆಯ ಭಾಷೆಯಲ್ಲಿ. ನನ್ನ ತಮ್ಮನಂಥ ಮಗುವಿಗೆ ಮೊದಲು 'ಪಾನಿ' ಬರಬೇಕು, ಆಮೇಲೆ 'ನೀರು'. ರಾಯಚೂರಿನಲ್ಲಿ ಪಕ್ಕದ ಮನೆಯ ಮಗುವಿಗೆ 'ನೀಳ್ಳು' ಬೇಕಾಗಬಹುದು. ಮನೆಯಲ್ಲಿ ಉರ್ದು, ಕಾಲೇಜಿನಲ್ಲಿ ಕನ್ನಡ, ಬಜಾರಿನಲ್ಲಿ ತೆಲುಗು ಮಾತಾಡುವ ನಮ್ಮಂಥ ಹುಡುಗಿಯರು ಈ ಮೂರನ್ನೂ ದುಡ್ಡು ಕೊಟ್ಟು ಕಲಿತದ್ದಲ್ಲ. ಅಂಥ ಚಿಕಿತ್ಸಕರನ್ನು, ಶಿಕ್ಷಕಿಯರನ್ನು ಬೇರೆ ಊರಿನಿಂದ ತರಿಸುವುದು ಕಷ್ಟ.

ಒಂದು ಕಿವಿಮಾತು, ಪ್ರಥಮ ಪಿಯುಸಿಯವರಿಗೆ ಮುಖ್ಯವಾಗಿ. ರಾಯಚೂರು ಕಲ್ಯಾಣ ಕರ್ನಾಟಕದ ಜಿಲ್ಲೆ. ರಾಜ್ಯದ ಸೀಟುಗಳಿಗೂ ಸರ್ಕಾರಿ ನೌಕರಿಗೂ 371ಜೆ ಮೀಸಲಾತಿ ಬೇಕಾದರೆ ಸಹಾಯಕ ಆಯುಕ್ತರಿಂದ ಅರ್ಹತಾ ಪ್ರಮಾಣಪತ್ರ ಪಡೆಯಬೇಕು. ಫಲಿತಾಂಶ ಬಂದ ವಾರದಲ್ಲಿ ಆ ಕಚೇರಿಗೆ ಹೋಗಬೇಡಿ, ದೊಡ್ಡ ಕ್ಯೂ ಇರುತ್ತದೆ. ಡಿಸೆಂಬರಿನಲ್ಲೇ ಅರ್ಜಿ ಹಾಕಿ.